ಹಿಮ್ಮಡಿ

ಲೈಪ್ಜಿಗ್ ಅಂಚೆಕಚೇರಿಯ ಮೂರನೇ ಮಹಡಿ,
ಬಾಗಿಲ ಮೇಲೆ ಹೆಸರಿಲ್ಲ, ಸಂಖ್ಯೆಯೂ ಇಲ್ಲ.
ಹತ್ತೊಂಬತ್ತು ವರ್ಷ ಅಲ್ಲಿ ಕೂತು
ಬೇರೆಯವರ ಪತ್ರಗಳಿಗೆ ಹಬೆ ಕೊಟ್ಟೆ.
ಅಂಟು ಬಿಡುವಾಗ ಸಣ್ಣದೊಂದು ಸದ್ದು ಬರುತ್ತದೆ,
ನಿದ್ದೆಯಲ್ಲಿ ಮಗು ತುಟಿ ಬಿಡಿಸಿದ ಹಾಗೆ.
ಆ ಸದ್ದು ಈಗಲೂ ಬೇಕೆನಿಸುತ್ತದೆ. ಸುಳ್ಳು ಯಾಕೆ ಹೇಳಲಿ.

ಏನೆಲ್ಲ ಕಂಡಿಲ್ಲ ನಾನು!
ಅಂಚೆಚೀಟಿಯ ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರ,
ಇಸ್ತ್ರಿ ಒತ್ತಿದರೆ ಕಂದಾಗಿ ಏಳುವ ನಿಂಬೆರಸದ ಗೆರೆ,
ಒಡೆದು, ತಿಂದು, ಮತ್ತೆ ಅಂಟಿಸಿದ ಅಕ್ರೋಟು,
ತಿರುಳಿದ್ದಲ್ಲಿ ಸಿಗರೇಟಿನ ಹಾಳೆ, ಅದರಲ್ಲೊಂದು ತಾರೀಖು.
ಚೀಟಿ ತುಸು ವಾಲಿದ್ದರೆ ಬರಬೇಡ ಎಂದು,
ನೆಟ್ಟಗಿದ್ದರೆ ಇನ್ನೂ ಇದ್ದೇವೆ ಎಂದು.
ಬೇಳೆಯಲ್ಲಿ ಕಲ್ಲು ಆರಿಸುವ ಕಣ್ಣಿಗೆ
ಕೊನೆಕೊನೆಗೆ ಬೇಳೆಯೇ ಕಾಣುವುದಿಲ್ಲ.

ಎಪ್ಪತ್ತಾರರ ನವೆಂಬರ್. ಗೇರಾದಿಂದ
ಒಟಿಲಿಯೆ ಕ್ರಾನರ್ಟ್ ಎಂಬಾಕೆ
ಗಡಿಯಾಚೆ ಕಾಸೆಲ್‌ನಲ್ಲಿದ್ದ ತಂಗಿಗೆ ಬರೆದದ್ದು:
ಹವೆ, ಹಲ್ಲುನೋವು, ಕಳಿಸಿದ ಕಾಫಿ ಮುಟ್ಟಿತು,
ಆಮೇಲೆ ಏಕಾಏಕಿ ಅಂಕಿಗಳು.
"ನಲವತ್ತು ಕುಣಿಕೆ. ಎರಡು ನೇರ, ಎರಡು ತಿರುವು.
ಇಲ್ಲಿಂದ ಅರ್ಧ ಮಾತ್ರ. ಹನ್ನೆರಡು, ತಿರುಗು.
ಐದು, ತಿರುಗು. ಆರು, ತಿರುಗು. ಏಳು, ತಿರುಗು."

ಸುತ್ತು ಸುತ್ತಾಗಿ ಸಾಗುತ್ತಿದ್ದ ಹೆಣಿಗೆ
ನಡುದಾರಿಯಲ್ಲಿ ಯಾಕೆ ತಿರುಗಬೇಕು?
ತಿರುಗುವುದು ರೈಲು, ಟ್ರಕ್ಕು, ರಾತ್ರಿಯ ಕಾವಲು.
ಆ ತಿಂಗಳು ನಾನು ಏನನ್ನೂ ಹಿಡಿದಿರಲಿಲ್ಲ.
ಮೇಲಿನವರು ಕೇಳುತ್ತಿದ್ದರು. ಕೇಳುವುದೆಂದರೆ,
ಕುರ್ಚಿ ಎಳೆದು ಎದುರು ಕೂತು ಸುಮ್ಮನಿರುತ್ತಿದ್ದರು.
"ಸಂಖ್ಯೆಗಳು ಹೆಣಿಗೆಗೆ ಹೊಂದುವುದಿಲ್ಲ" ಎಂದು ಬರೆದು ಸಹಿ ಹಾಕಿದೆ.
ಬಲ್ಲವರನ್ನು ಒಂದು ಮಾತು ಕೇಳಬಹುದಿತ್ತು.
ಮನೆಯಲ್ಲೇ ಇದ್ದಳು ಹೆಂಡತಿ,
ಒಲೆಯ ಪಕ್ಕ, ಕೈಯಲ್ಲಿ ಕಡ್ಡಿ.

ಆಕೆಯನ್ನು ಸೋಮವಾರ ಕರೆದೊಯ್ದರು.
ಗೇರಾದಿಂದ ಕಾಸೆಲ್‌ಗೆ ಆಮೇಲೆ
ಆ ಕೈಬರಹ ನನ್ನ ಮೇಜಿಗೆ ಬರಲಿಲ್ಲ.

ಮೊನ್ನೆ ಮೊಮ್ಮಗಳು ಫ್ರೀಡರಿಕೆ ಕಂಪ್ಯೂಟರ್ ತೆರೆದಳು.
ಸೇಬುಮರದ ಎರಡು ಫೋಟೊ, ಅಕ್ಕಪಕ್ಕ.
"ಒಂದರೊಳಗೆ ಇಡೀ ಕಾಗದ ಅಡಗಿದೆ ತಾತ, ಯಾವುದು ಹೇಳು."
ಪ್ರತಿ ಚುಕ್ಕೆಯ ಬಣ್ಣದಲ್ಲಿ ಕೊನೆಯದೊಂದು ಅಂಕಿ,
ಇದ್ದರೂ ಹೋದರೂ ಕಣ್ಣಿಗೆ ತಿಳಿಯದ್ದು,
ಅಷ್ಟನ್ನೇ ಬದಲಿಸಿ ಮಾತು ತುಂಬುತ್ತಾರಂತೆ.
ಹಬೆ ಬೇಡ, ಇಸ್ತ್ರಿ ಬೇಡ. ನೋಡಿದರೆ ಮರ ಮರವೇ.
ಎಡಗಡೆಯದು ಎಂದೆ.
ಅಲ್ಲಿನ ಎಲೆಗಳು ಬೇಕೆಂದೇ ಸುಮ್ಮನಿದ್ದವು.
ನಕ್ಕಳು. "ಎರಡರಲ್ಲೂ ಏನಿಲ್ಲ, ತಮಾಷೆ ಮಾಡಿದೆ. ಬರೀ ಮರ."
ಕೈ ನಡುಗಿದ್ದನ್ನು ನನ್ನ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಳು.

ಆ ಪತ್ರದ ನಕಲು ನನ್ನಲ್ಲಿದೆ.
ತರಬಾರದಿತ್ತು. ಕೋಟಿನ ಒಳಪದರದಲ್ಲಿಟ್ಟು ತಂದೆ.
ಹೆಂಡತಿ ಹೋದ ಚಳಿಗಾಲ ಅವಳ ಕಡ್ಡಿ ಹುಡುಕಿದೆ,
ಕೆಳಗಿನ ಮನೆಯಾಕೆಯಿಂದ ಕುಣಿಕೆ ಹಾಕುವುದು ಕಲಿತೆ,
ಬೂದುಬಣ್ಣದ ಉಣ್ಣೆ ತಂದು ಕೂತೆ.
ಹದಿನೇಳು ಸಂಜೆ. ಎರಡು ಸಲ ಪೂರ್ತಿ ಬಿಚ್ಚಿದೆ.
ಹನ್ನೆರಡು, ತಿರುಗು. ಐದು, ತಿರುಗು. ಆರು,

ತಿರುಗುವಾಗ ಹೆಣಿಗೆ ತನ್ನಷ್ಟಕ್ಕೆ ಬಾಗತೊಡಗಿತು,
ಅಂಗೈಯಲ್ಲಿ ಪುಟ್ಟದೊಂದು ಬಟ್ಟಲು.
ಹಿಮ್ಮಡಿ.
ಎರಡು ವರ್ಷದ ಮಗುವಿನದಿರಬೇಕು.
ಕಾಲುಚೀಲ ಮುಗಿದ ಮೇಲೆ ಒಳಗೆ ಕೈ ಹಾಕಿ ನೋಡಿದೆ, ಹಳೆಯ ಅಭ್ಯಾಸ.
ಮೂರು ಬೆರಳು ಹಿಡಿಸಿದವು. ಬೆಚ್ಚಗಿತ್ತು.

ಪತ್ರದ ಕೊನೆಯ ಸಾಲು:
"ಎರಡನೆಯದೂ ಹೀಗೇ."
ಅದರ ಅಡಿಗೆ ಎರಡು ಕೆಂಪು ಗೆರೆ,
ಅಳತೆಪಟ್ಟಿ ಇಟ್ಟು ಎಳೆದದ್ದು.