ಕ್ಲಿಕ್ ಎಂದರೆ ಓಡು

ಮೊದಲ ವಾರ ಕ್ಯಾಮೆರಾ ಬರೀ ಒಂದು ಸಾಮಾನು.
ಅಡುಗೆಮನೆಯ ನೆಲದ ಮೇಲೆ, ಅವಳ ಬಟ್ಟಲ ಪಕ್ಕ,
ಬೂಟಿನ ಹಾಗೆ, ಕಲ್ಲಿದ್ದಲ ಬಕೆಟ್ಟಿನ ಹಾಗೆ
ಇಟ್ಟುಬಿಟ್ಟೆ. ಮುಟ್ಟಲಿಲ್ಲ. ಆ ಕಡೆ ನೋಡಲೂ ಇಲ್ಲ.
ಅವಳು ಮೇಜಿನ ಕೆಳಗಿನಿಂದ ನೋಡಿದಳು,
ಉದ್ದ ಮೂತಿಯನ್ನು ಪಂಜದ ಮೇಲಿಟ್ಟು,
ಹಸಿವಿಗೂ ಹೆದರಿಕೆಗೂ ನಡುವೆ ಜೊಲ್ಲು ಸುರಿಸುತ್ತ.

ಮೂರನೆಯ ದಿನ ಬಂದು ಉಂಡಳು,
ಹಿಂಗಾಲೆರಡನ್ನು ಬಾಗಿಲಲ್ಲೇ ಬಿಟ್ಟು.

ಲೆನ್ಸಿನ ಮುಚ್ಚಳದ ಮೇಲೆ ಕುರಿಯ ಲಿವರಿನ ಚೂರು.
ನೆಕ್ಕಿದಳು. ಮುಚ್ಚಳ ತೆಗೆದೆ. ಗಾಜಿನೊಳಗೆ
ಇನ್ನೊಂದು ನಾಯಿ ಕಂಡಿರಬೇಕು, ಗುರುತಿನದ್ದಲ್ಲ;
ಹಿಂದೆ ಸರಿದಳು. ಸರಿಯಲಿ.
ಎದುರು ನಿಂತು ದಿಟ್ಟಿಸುವುದು ನಾಯಿಭಾಷೆಯಲ್ಲಿ ಜಗಳ,
ಅದಕ್ಕೆ ನಾನು ನೆಲಕ್ಕೆ ಕುಂಡಿಯೂರಿ, ಪಕ್ಕಕ್ಕೆ ತಿರುಗಿ
ಗೋಡೆಯ ಕ್ಯಾಲೆಂಡರು ಓದುತ್ತ ಕೂತೆ,
ಸಂಬಂಧವೇ ಇಲ್ಲದವನಂತೆ.

ಕಷ್ಟ ಇದ್ದದ್ದು ಸದ್ದಿನದು.
ಎರಡು ವರ್ಷ ಅವಳಿಗೆ ಕಲಿಸಿದ್ದು ಅಷ್ಟೇ: ಕ್ಲಿಕ್ ಎಂದರೆ ಓಡು.
ಪೆಟ್ಟಿಗೆಯ ಬಾಗಿಲು ಕ್ಲಿಕ್ಕೆಂದು ಹಾರಿದರೆ
ಮುಂದೆ ಸುಳ್ಳು ಮೊಲ, ಅಕ್ಕಪಕ್ಕ ಐದು ಉಸಿರು.
ಶಟರ್ ಒತ್ತಿದ ಮೊದಲ ಸಲ
ಮುಚ್ಚಿದ ಬಾಗಿಲಿಗೆ ಹೋಗಿ ಬಡಿದುಕೊಂಡಳು,
ಆಮೇಲೆ ನಿಂತು ನಡುಗಿದಳು,
ಗೆರೆ ಎಲ್ಲಿ ಅಂತ ಕೇಳುವವಳ ಹಾಗೆ.

ಆ ಗೆರೆ ನನಗೆ ಗೊತ್ತು.
ಹತ್ತೊಂಬತ್ತು ವರ್ಷ, ಟಿಪ್ಪರೇರಿಯ ಒಂದು ಟ್ರ್ಯಾಕಿನಲ್ಲಿ,
ಅಟ್ಟದ ಮೇಲೆ ಕೂತು ಕೊನೆಯ ಗೆರೆಯ ಫೋಟೋ ತೆಗೆದವನು ನಾನು.
ಯಾರ ಮೂಗು ಮೊದಲು, ಯಾರದು ಕೂದಲೆಳೆ ಹಿಂದೆ.
ಸಾವಿರಾರು ಮೂತಿ. ಒಂದೂ ನೆನಪಿಲ್ಲ.
ಇವಳೂ ಅಲ್ಲಿ ಓಡಿದ್ದಳಂತೆ, ಎರಡು ಸಲ;
ಎರಡು ಸಲವೂ ಎಲ್ಲರಿಗಿಂತ ಹಿಂದೆ,
ನನ್ನ ಚೌಕಟ್ಟಿನ ಹೊರಗೆ.

ಕ್ಯಾಮೆರಾಕ್ಕೆ ನನ್ನ ಉಣ್ಣೆಯ ಕಾಲುಚೀಲ ತೊಡಿಸಿ
ಪಕ್ಕದ ಕೋಣೆಯಿಂದ ಒಂದು ಕ್ಲಿಕ್, ಒಂದು ತುಂಡು ಚೀಸು.
ಬಾಗಿಲ ಮರೆಯಿಂದ. ಬಾಗಿಲಿಂದ. ಮೇಜಿನ ಬಳಿಯಿಂದ.
ಅವಸರ ಮಾಡಿದ ದಿನ ಮತ್ತೆ ಪಕ್ಕದ ಕೋಣೆಗೆ.
ಯಾವತ್ತೋ ಒಂದು ದಿನ ಸದ್ದಿಗೆ ಕಿವಿ ನಿಗುರಿತು,
ಓಡಲಿಕ್ಕಲ್ಲ, ಚೀಸು ಯಾಕೆ ತಡ ಅಂತ.
ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರ ಕಂಡವು.

ಇಟಲಿಯಲ್ಲಿ ಒಂದು ಮನೆಯವರು ಕಾಯುತ್ತಿದ್ದಾರಂತೆ,
ಊನಾ ಪ್ರತಿ ಗುರುವಾರ ಫೋನು ಮಾಡುತ್ತಾಳೆ:
ಒಂದೇ ಒಂದು ಒಳ್ಳೆ ಫೋಟೋ ಸಾಕು, ಫಿಂಟನ್,
ಮುಖ ಕಾಣುವಂಥದ್ದು.
ಇನ್ನೂ ಹೆದರುತ್ತಾಳೆ, ಅನ್ನುತ್ತೇನೆ.

ಸೋಫಾದ ಮೇಲೆ ಅಂಗಾತ, ನಾಲ್ಕು ಕಾಲೂ ಗಾಳಿಯಲ್ಲಿ,
ಅವಳು ಒಂದು ಕಣ್ಣು ತೆರೆದು ಕ್ಯಾಮೆರಾ ನೋಡಿ
ಮತ್ತೆ ಮುಚ್ಚುತ್ತಾಳೆ.
ಬೆಳಕು ಚೆನ್ನಾಗಿದೆ.
ಕಾಲುಚೀಲ ಬಿಚ್ಚಬೇಕು, ಅಷ್ಟೇ.
ಮೊದಲು ಚಹಾಕ್ಕೆ ನೀರಿಟ್ಟು ಬರುತ್ತೇನೆ.