ಅಳತೆ ಎರಡು ಸಲ

ಬೆಂಗೇರಿಯ ಖಾದಿ ಶೆಡ್ಡಿನಲ್ಲಿ ನಾನು ರಜಿಸ್ಟರ್ ಬರೆಯುವವನು.
ಎಷ್ಟು ಗಜ ಬಂತು, ಎಷ್ಟು ಬಾವುಟ ಹೋಯಿತು,
ಎಷ್ಟು ವಾಪಸ್ಸು, ಕೆಂಪು ಶಾಯಿಯಲ್ಲಿ.
ದುರ್ಗದಬೈಲಿನ ಫುಟ್‌ಪಾತಿನಲ್ಲಿ ಇಪ್ಪತ್ತು ರೂಪಾಯಿಗೆ ಸಿಕ್ಕ
ರಟ್ಟು ಹರಿದ ಗ್ರೀಕರ ಕಥೆಗಳನ್ನು
ಆ ಶಾಯಿಯ ಡ್ರಾವರಿನಲ್ಲೇ ಇಟ್ಟಿದ್ದೆ.

ಮಂಗಳವಾರ. ಕರೆಂಟು ಹೋಗಿ ಹೊಲಿಗೆ ಯಂತ್ರಗಳು ಸುಮ್ಮನಾದವು.
ಶೆಡ್ಡಿಗೆ ತನ್ನದೇ ಸದ್ದು ಕೇಳಿಸತೊಡಗಿತು:
ತಗಡಿನ ಮೇಲೆ ಕಾಗೆಯ ಕಾಲು,
ಬಣ್ಣದ ಹೌದಿಯಲ್ಲಿ ಹಸಿರು ತೊಟ್ಟಿಕ್ಕುವುದು.
ಗರಗದ ಬಸ್ಸಿಗೆ ನೂಲಿನ ಲಡಿ ತಂದಿದ್ದ ನೀಲಗಂಗವ್ವ
ಕಂಬಕ್ಕೊರಗಿ ಬುತ್ತಿ ಬಿಚ್ಚಿದಳು.
ಫಕ್ಕೀರವ್ವ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ
ಉಡಿಯಲ್ಲಿಟ್ಟುಕೊಂಡಳು, ಕೂಸನ್ನು ಇಟ್ಟುಕೊಂಡ ಹಾಗೆ.
ಮಾಬೂಬಿ ಮಾತ್ರ ಟೇಪನ್ನು ಕೊರಳಿನಿಂದ ತೆಗೆಯದೆ
ರೊಟ್ಟಿ ಮುರಿದಳು.

ಮೂವರನ್ನೂ ಒಟ್ಟಿಗೆ ಕಂಡು ನನಗೆ ತಡೆಯಲಾಗಲಿಲ್ಲ.
"ನಿಮ್ಮ ಕಥಿ ಐತಿ ಇದರಾಗ," ಎಂದೆ.
ಕಡಲಾಚೆ ಒಂದು ದೇಶ, ಅಲ್ಲಿ ಅಕ್ಕತಂಗಿಯರು ಮೂವರು.
ಹುಟ್ಟಿದವರ ಆಯುಷ್ಯದ ಎಳೆ ನೂಲುತ್ತಾಳೆ ಕ್ಲೋಥೋ.
ಲಾಖೆಸಿಸ್ ಅಳೆಯುತ್ತಾಳೆ.
ಅಟ್ರೊಪೊಸ್, ಅಂದರೆ ತಿರುಗಿಸಲಾಗದವಳು,
ಆಕೆಯ ಕೈಯಲ್ಲಿ ಕತ್ತರಿ.
ಸಿಡಿಲು ಹಿಡಿದ ಜೀಯಸ್, ದೇವರ ದೇವರು,
ಹೊಟ್ಟೆಯ ಮಗ ರಣದಲ್ಲಿ ಬೀಳುವಾಗ
ರಕ್ತದ ಮಳೆ ಸುರಿಸಿದ; ದಾರ ಮುಟ್ಟಲಿಲ್ಲ.

"ಪಗಾರ ಎಷ್ಟ ಅವರಿಗೆ?" ನೀಲಗಂಗವ್ವ ಕೇಳಿದಳು,
ಗುರೆಳ್ಳು ಪುಡಿಗೆ ಎಣ್ಣೆ ಬಿಟ್ಟುಕೊಳ್ಳುತ್ತ.
"ಪುಸ್ತಕದಾಗ ಬರದಿಲ್ಲಬೇ."
"ಅದನ್ನ ಯಾರ್ ಬರೀತಾರ ಬಿಡು."
ಎದ್ದು ಕೈ ತೊಳೆದಳು; ಎರಡೂವರೆಯ ಬಸ್ಸಿತ್ತು ಆಕೆಗೆ.

ಫಕ್ಕೀರವ್ವನಿಗೆ ಬೇರೆ ಚಿಂತೆ.
"ಆಕೀ ಕತ್ತರಿಗೆ ಸಾಣಿ ಯಾರ್ ಹಿಡೀತಿದ್ರು?
ಮೊಂಡ ಕತ್ತರಿ ಇದ್ರ ಎಳಿ ಹರಿಯಂಗಿಲ್ಲ, ಜಗ್ಗತೈತಿ.
ನಮ್ಮತ್ತಿ ಹಂಗ ಜಗ್ಗಿ ಜಗ್ಗಿ ಹೋದ್ಲು, ಮೂರು ವರ್ಷ."

ಮಾಬೂಬಿ ನಗಲಿಲ್ಲ.
ಟೇಪಿನ ತುದಿಯ ತಗಡನ್ನು ಉಗುರಿನಿಂದ ಕೆರೆಯುತ್ತಿದ್ದಳು.
"ಆ ನಡುವಿನಾಕಿ, ಅಳಿಯಾಕಿ,
ಎರಡನೇ ಸಲ ನೋಡ್ತಾಳೇನ್ರಿ?"
ನಾನು ಪುಟ ತಿರುವಿದೆ. ಸುಮ್ಮನೆ ತಿರುವಿದೆ.
"ಇಲ್ಲಿ ನಾವು ಎರಡು ಸಲ ಅಳೀತೇವಿ.
ಒಂದು ನೂಲು ಆಚೀಚೆ ಆದ್ರ ನೀವ ಕೆಂಪ ಶಾಯಿಲೆ ಬರದು
ವಾಪಸ್ ಕಳಸ್ತೀರಿ.
ನಮ್ಮ ರಾಜೇಸಾಬ ಹತ್ತೊಂಬತ್ತಕ್ಕ ಹೋದ,
ಗಬ್ಬೂರ ಬೈಪಾಸಿನ್ಯಾಗ.
ಹತ್ತೊಂಬತ್ತು ಅಂದ್ರ ಅದೇನ್ ಅಳತಿ?
ಯಾವ ಸೈಜಿಗೆ ಬರ್ತೈತಿ ಅದು?
ಇನ್ನೊಂದ್ ಸಲ ನೋಡಿದ್ರ ಆಕೀಗೆ ಗೊತ್ತಾಗ್ತಿತ್ತು."

ಕರೆಂಟು ಬಂತು. ಯಾರೂ ಏಳಲಿಲ್ಲ.
ಫ್ಯಾನಿನ ಗಾಳಿಗೆ ಕೇಸರಿ ಬಟ್ಟೆಯ ಒಂದು ಮೂಲೆ
ಎದ್ದು ನೋಡಿ ಮತ್ತೆ ಮಲಗಿತು.
ಪ್ರತಿಧ್ವನಿಗೆ ಮೈ ಯಾಕಿಲ್ಲ, ಜೇಡ ಯಾಕೆ ನೇಯುತ್ತದೆ,
ಎಲ್ಲ ಕೇಳಿಕೊಂಡ ಗ್ರೀಕರು ಇದನ್ನು ಕೇಳಿಕೊಂಡಿರಲಿಲ್ಲ.
ಅಥವಾ ಕೇಳಿದ ತಾಯಿಯನ್ನು
ಕಲ್ಲು ಮಾಡಿ ಬೆಟ್ಟದ ಮೇಲೆ ನಿಲ್ಲಿಸಿದ್ದರು,
ಕಣ್ಣೀರು ಮಾತ್ರ ಹರಿಯಲು ಬಿಟ್ಟು.

ಕಡೆಗೆ ಫಕ್ಕೀರವ್ವ ಕತ್ತರಿ ಎತ್ತಿದಳು.
"ಹುಚ್ಚಿ, ಕತ್ತರಸೋದಂದ್ರ ಬರೇ ಸಾವಲ್ಲ.
ನಿನ್ನ ರಾಜೇಸಾಬನ ಹೊಕ್ಕಳಬಳ್ಳಿ ಕೊಯ್ದಾಕಿ ನಾನ.
ರಾತ್ರಿ ಎರಡಕ್ಕ, ಬ್ಲೇಡ್ ಕುದಿಸಿ.
ಕೊಯ್ದ ಮ್ಯಾಲ ಅತ್ತ ನೋಡು ಅಂವ, ಓಣಿ ಎದ್ದು ಕುಂತಿತ್ತು."
ಅಷ್ಟು ಹೇಳಿ ಬಿಳಿಯ ಥಾನು ಹಾಸಿದಳು.
ಎಳೆ ಸೌತೆಕಾಯಿ ಕಡಿದ ಸದ್ದಿನಲ್ಲಿ
ಕತ್ತರಿ ನಡೆಯಿತು.

ಈ ಬಟ್ಟೆ ಎಲ್ಲಿಗೋ ಹೋಗುತ್ತದೆ:
ಶಾಲೆಯ ಕಂಬಕ್ಕೋ, ಮಂತ್ರಿಯ ಕಾರಿಗೋ,
ಗಡಿಯಿಂದ ಬಂದ ಪೆಟ್ಟಿಗೆಯ ಮೇಲಕ್ಕೋ.
ನನ್ನ ರಜಿಸ್ಟರಿನಲ್ಲಿ ಆ ಕಾಲಂ ಇಲ್ಲ.

ಮಾಬೂಬಿ ಬಂದು ಅಳೆದಳು. ಮತ್ತೊಮ್ಮೆ ಅಳೆದಳು.
ನನ್ನ ಕಾಲರಿಗೆ ಅಂಟಿದ್ದ ಎಳೆಯೊಂದನ್ನು ಚಿವುಟಿ ತೆಗೆದಳು;
ರೂಢಿಯಂತೆ ಟೇಪಿನತ್ತ ಹೋದ ಕೈ
ಅರ್ಧಕ್ಕೆ ನಿಂತಿತು.
ಅಳೆಯದೆ, ಬೆರಳ ನಡುವೆ ಉಂಡೆ ಮಾಡಿ
ಎಲೆಯಡಿಕೆಯ ಸಂಚಿಗೆ ಹಾಕಿಕೊಂಡಳು.
"ಬರಕೋರಿ," ಎಂದಳು. "ಸರಿ ಐತಿ."