ಕಾಜಾ

ನೂರು ಕಾಜಾಕ್ಕೆ ಇಷ್ಟು ಅಂತ ಕೂಲಿ.
ಕೌಲ್ ಬಜಾರಿನ ಮಾಳಿಗೆ, ಹದಿನಾಲ್ಕು ಮಿಷನ್ನು,
ಮಧ್ಯಾಹ್ನದ ತಗಡು ಸೂರು.
ಉಗುರಿನ ಸಂದಿಯಲ್ಲಿ ನೀಲಿ. ಹಿಟ್ಟು ನಾದುವಾಗ
ರೊಟ್ಟಿಗೂ ಹತ್ತೀತೇನೋ ಅನ್ನೋ ಹಳೇ ಅಂಜಿಕೆ.

ಜೀನ್ಸು ಅಂದ್ರೆ ನನಗೆ ಇದೇ.
ದೊಡ್ಡಾಸ್ಪತ್ರೆಯ ಹನ್ನೊಂದನೇ ನಂಬರ್ ಕೋಣೆಯಲ್ಲಿ
ಡಾಕ್ಟರಮ್ಮ ಅಫ್ಶಾನ್ ‘ಜೀನು’ ಅಂದಾಗ
ಎಷ್ಟು ಇಂಚಿನ ಸೊಂಟ ಅಂತ ಕೇಳೋದರಲ್ಲಿದ್ದೆ.

ಜ್ಞಾನು ನೆಲದಿಂದ ಏಳುತ್ತಿದ್ದ.
ಮೊದಲು ಅಂಗೈ ಊರಿ, ಆಮೇಲೆ ಮೊಣಕಾಲು ಹಿಡಿದು,
ತನ್ನ ತೊಡೆಯನ್ನೇ ಏಣಿ ಮಾಡಿಕೊಂಡು
ತನ್ನನ್ನೇ ಹತ್ತುತ್ತಾ.
ಮೀನಖಂಡ ನೋಡಿದರೆ ಪೈಲ್ವಾನ.
ಎಂಟು ವರ್ಷ. ಮೆಟ್ಟಿಲು ಕಂಡರೆ ನಿಲ್ಲುತ್ತಾನೆ.

ನನ್ನ ಅಣ್ಣ ಅಂಬಾದಾಸನೂ ಹಿಂಗೇ ಏಳುತ್ತಿದ್ದ.
ಹತ್ತೊಂಬತ್ತು ತುಂಬಲಿಲ್ಲ.
ಆಗ ಅದಕ್ಕೆ ಹೆಸರಿರಲಿಲ್ಲ, ಕಾಲು ಸೋತದ್ದು ಅಂತಿದ್ದರು.
ಈಗ ಹೆಸರೂ ಐತೆ, ಬಂದ ದಾರಿಯೂ ಗೊತ್ತಾಗೈತೆ:
ಅವ್ವನಿಂದ ನನಗೆ, ನನ್ನಿಂದ ಇವನಿಗೆ.
ನನಗೇನೂ ಮಾಡದೆ ನನ್ನೊಳಗೆ ಮಡಿಚಿಟ್ಟಿದ್ದ ಹರಕು.
ಅತ್ತೆಗೆ ಇದನ್ನ ಇನ್ನೂ ಹೇಳಿಲ್ಲ.

ಡಾಕ್ಟರಮ್ಮನ ಅಪ್ಪ ಕಟಿಂಗ್ ಮಾಸ್ಟರು,
ಅದಕ್ಕೇ ನಮ್ಮ ಭಾಷೆ ಬರುತ್ತೆ.
“ಮೈಯಾಗಿನ ಜೀನುಗಳಲ್ಲೆಲ್ಲ ಇದೇ ಉದ್ದಂದು, ಅಕ್ಕಾ.
ಹೊತ್ತೊಯ್ಯೋ ವೈರಸ್ಸಿನ ಚೀಲ ಇಷ್ಟೇ.
ಹಿಡಿಯೋಲ್ಲ ಅಂತ ಕತ್ತರಿಸಿ ಕತ್ತರಿಸಿ
ಪ್ಯಾಂಟನ್ನ ಚಡ್ಡಿ ಮಾಡಿ ಕಳಿಸ್ತಾರೆ.”
ಚಡ್ಡಿಯಾದರೂ ಮಾನ ಮುಚ್ಚುತ್ತಲ್ಲ?
“ಸ್ವಲ್ಪ ಮುಚ್ಚುತ್ತೆ.”

ಇಡೀ ಬಟ್ಟೆ ಸೇರಿಸಹೋದವರು ಎರಡೂ ಪದರ ಕತ್ತರಿಸಿದರಂತೆ.
ಜೀವಕೋಶ ಗಾಬರಿಬಿದ್ದು ಸಿಕ್ಕಂಗೆ ಹೊಲಿದುಕೊಂಡಿತಂತೆ,
ನಾಲ್ಕು ಎಳೆ ಬಿಟ್ಟು, ಯಾರದೋ ಚೂರು ಸೇರಿಸಿ.
ಕೆಲವು ಸತ್ತೇ ಹೋದವಂತೆ.
ನನಗದು ಆಶ್ಚರ್ಯವಲ್ಲ. ಅಂಜಿದ ಕೈ ಹಂಗೇ ಹೊಲಿಯೋದು.

“ಈಗ ಬೇರೆ ಉಪಾಯ. ಒಂದೇ ಪದರಕ್ಕೆ ಕಚ್ಚು ಹಾಕಿ
ಪುಟ್ಟ ಗುರುತು ಬರೀತಾರೆ. ಅದಕ್ಕೆ ಮಾತ್ರ ಹೊಂದೋ
ಜೋಡಿ ಗುರುತು ಹೊತ್ತು ದೊಡ್ಡ ಜೀನು ಬರುತ್ತೆ.
ಇನ್ನೊಂದು ಕಿಣ್ವ ಎರಡನ್ನೂ ಕೂಡಿಸುತ್ತೆ.”

ನಾನಂದೆ: ಕಾಜಾ ಮೊದಲು. ಗುಂಡಿ ಆಮೇಲೆ.
ಅವಳು ಪೆನ್ನು ಕೆಳಗಿಟ್ಟಳು.

ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಬಾಯಿ ಬಂತು.
ಕಾಜಾ ಎಲ್ಲೋ ಬಿದ್ದರೆ ಪ್ಯಾಂಟೇ ಹಾಳು, ಕೇಳು ಅವರನ್ನ.
ಒಂದು ಕಡೆ ಬೇಕಾದ್ದು ಮೂರು ಕಡೆ ಬಿದ್ದರೆ?
ದಪ್ಪ ಹೊಲಿಗೆಯ ಮೇಲೆ ಸೂಜಿ ಮುರಿಯುತ್ತೆ,
ಅಲ್ಲಿ ವೇಗ ಇಳಿಸಬೇಕು, ಬಟ್ಟೆಗೆ ಬಯ್ಯಬಾರದು.
ನೂರಕ್ಕೆ ಎಷ್ಟು ಗುಂಡಿ ಕೂತವು?

“ಮೊದಲು ಒಂದೋ ಎರಡೋ. ಕಿಣ್ವವನ್ನ ತಿದ್ದಿ ತಿದ್ದಿ
ಈಗ ಹತ್ತು ದಾಟೈತೆ ಅಂತಾರೆ.
ತಟ್ಟೆಯೊಳಗಿನ ಕೋಶದಲ್ಲಿ, ಅಕ್ಕಾ. ಮಗುವಿನ ತೊಡೆಯಲ್ಲಿ ಅಲ್ಲ.”

ನೂರಕ್ಕೆ ಮೂರು ಕೆಟ್ಟರೆ ನಮ್ಮ ಸೇಟು ಕೂಲಿ ಮುರೀತಾನೆ.
ಅಲ್ಲಿ ನೂರಕ್ಕೆ ಹತ್ತು ಗೆದ್ದರೆ ಚಪ್ಪಾಳೆ.
ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಮೊದಲ ವಾರ ನಾನು ಕೆಡಿಸಿದ ಪ್ಯಾಂಟುಗಳನ್ನ
ಅವ್ವ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು,
ರಾತ್ರಿ ಬಿಚ್ಚಿ ಮತ್ತೆ ಹೊಲಿಯಲಿಕ್ಕೆ.

ಯಾವಾಗ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಸ್ಟಿರಾಯ್ಡ್ ಚೀಟಿ ಬರೆದಳು, ಕಾಲಿಗೆ ವ್ಯಾಯಾಮ,
ಎದೆಯ ಸ್ಕ್ಯಾನಿಗೆ ತಾರೀಕು.
ಆಟೋ ಕೋಟೆ ಗುಡ್ಡ ದಾಟುವಾಗ
ಜ್ಞಾನು ಮೆಟ್ಟಿಲು ಎಣಿಸುತ್ತಿದ್ದ, ಕಣ್ಣಲ್ಲೇ.

ರಾತ್ರಿ ಅವನಿಗೊಂದು ಪ್ಯಾಂಟು ಹೊಲಿದೆ, ಮಿಕ್ಕ ಡೆನಿಮ್ಮಿನಲ್ಲಿ.
ಸೊಂಟಕ್ಕೆ ಎಲಾಸ್ಟಿಕ್ಕು. ಕೂತಲ್ಲೇ ಎಳೆದುಕೊಳ್ಳಲಿ ಅಂತ.
ಮುಟ್ಟಿ ನೋಡಿ ಮುಖ ಸಿಂಡರಿಸಿದ:
“ಇದು ಪಾಪುಗಳದ್ದು. ಗುಂಡಿ ಎಲ್ಲಿ?”

ಎಲಾಸ್ಟಿಕ್ಕಿನ ಮೇಲೊಂದು ಕಾಜಾ ಹಾಕಲು ಕೂತೆ,
ಕೆಲಸವಿಲ್ಲದ ಕಾಜಾ.
ಕರೆಂಟು ಹೋಯಿತು.
ಕೈಯಲ್ಲೇ ಮುಗಿಸಿದೆ. ಟಾರ್ಚು ಅವನೇ ಹಿಡಿದಿದ್ದ.
ನಡುನಡುವೆ ತೋಳು ಸೋತು ಬೆಳಕು ಕೆಳಗಿಳಿಯುತ್ತಿತ್ತು,
ನಾನು ಸೂಜಿ ನಿಲ್ಲಿಸಿ
ಮೇಲೆ ಬರೋವರೆಗೂ ಕಾಯುತ್ತಿದ್ದೆ.